ಮೂರನೇ ರೀಲಿನ ಅತ್ತೆ

ಅತ್ತೆಗೆ ಹುಬ್ಬಿರಲಿಲ್ಲ. ಹುಬ್ಬಿರಬೇಕಾದ ಕಡೆ ನುಣ್ಣಗೆ ಹೊಳೆಯುವ ಚರ್ಮ ಮಾತ್ರ ಇತ್ತು. ಮದರಾಸಿಗೆ ಹೋದ ಹೊಸದರಲ್ಲಿ ಮೇಕಪ್ಪಿನವರು ಅವಳ ದಟ್ಟ ಹುಬ್ಬನ್ನು ಪೂರಾ ಕಿತ್ತು, ಅದರ ಜಾಗದಲ್ಲಿ ಪೆನ್ಸಿಲಿನಿಂದ ಕಮಾನು ಬರೆದರಂತೆ. ಆಗಿನ ಫ್ಯಾಷನ್ನು ಅದು. ವರ್ಷಗಟ್ಟಲೆ ಕೀಳುತ್ತಲೇ ಹೋದ ಮೇಲೆ ಕೂದಲು ಹುಟ್ಟುವುದನ್ನೇ ಬಿಟ್ಟಿತು. ಬೆಳಗ್ಗೆ ಎದ್ದು ಮುಖ ತೊಳೆದ ಅತ್ತೆಯನ್ನು ನೋಡಿದರೆ ಅವಳಿಗೆ ಸಿಟ್ಟು ಬಂದಿದೆಯೋ ನಗು ಬಂದಿದೆಯೋ ತಿಳಿಯುತ್ತಿರಲಿಲ್ಲ. ಗೋಡೆಯ ಮೊಳೆಗೆ ತೂಗುಹಾಕಿದ ಅಂಗೈಯಗಲದ ಕನ್ನಡಿಯ ಮುಂದೆ ನಿಂತು ಕಪ್ಪು ಪೆನ್ಸಿಲಿನಲ್ಲಿ ಎರಡು ಗೆರೆ ಎಳೆದುಕೊಂಡ ಮೇಲೇ ಅವಳ ದಿನ ಶುರುವಾಗುತ್ತಿದ್ದದ್ದು. ಹಾಲಿನವನು ಹೊರಗೆ ನಿಂತು ಎಷ್ಟು ಕೂಗಿದರೂ ಗೆರೆ ಎಳೆಯದೆ ಬಾಗಿಲು ತೆಗೆದವಳಲ್ಲ.

ಅವಳು ನನ್ನ ಅಪ್ಪನ ಒಡಹುಟ್ಟಿದ ತಂಗಿ. ಸಿನಿಮಾ ನಟಿ. ಪೋಸ್ಟರಿನಲ್ಲಿ ಮುಖ ಬರುವಂಥ ನಟಿಯಲ್ಲ. ನಾಯಕಿಯ ಗೆಳತಿ, ನಾಯಕನ ತಂಗಿ, ಖಳನ ಕೈಗೆ ಸಿಕ್ಕು ಬಾವಿಗೆ ಹಾರುವ ಹುಡುಗಿ, ವಯಸ್ಸಾದ ಮೇಲೆ ಕೆಮ್ಮುವ ತಾಯಿ. ಕನ್ನಡ, ತೆಲುಗು ಎರಡರಲ್ಲೂ ಮಾಡಿದಳು. ಹೆಚ್ಚಿನ ಚಿತ್ರಗಳಲ್ಲಿ ಸಾಯುತ್ತಿದ್ದಳು. "ನಾನ್ ಬದುಕಿದ್ರೆ ಹೀರೋಗೆ ಸಿಟ್ ಬರೋದೆಂಗೆ ಪಾಪ? ಕತೆ ಮುಂದಕ್ಕೆ ಹೋಗೋದೆಂಗೆ?" ಎಂದು ನಗುತ್ತಿದ್ದಳು. ನಮ್ಮ ಕಡೆ ಹೆಣ್ಣುಮಕ್ಕಳನ್ನು ಅಕ್ಕರೆಯಿಂದ ಪಾಪ ಅನ್ನುತ್ತಾರೆ. ನಾನು ಮೇಷ್ಟರ ಕೆಲಸಕ್ಕೆ ಸೇರಿದ ಮೇಲೂ ಅವಳಿಗೆ ಪಾಪನೇ.

ನಾನು ಅವಳನ್ನು ಮೊದಲು ನೋಡಿದ್ದು ಪರದೆಯ ಮೇಲೆ. ಎಪ್ಪತ್ತರ ದಶಕದ ಮೊದಲ ವರ್ಷಗಳು, ನನಗೆ ಒಂಬತ್ತು ತುಂಬಿತ್ತು. ನನಗೊಬ್ಬಳು ಸೋದರತ್ತೆ ಇದ್ದಾಳೆ ಅನ್ನುವುದೇ ಆ ದಿನದವರೆಗೆ ನನಗೆ ಗೊತ್ತಿರಲಿಲ್ಲ.

ನಮ್ಮೂರು ಹುತ್ತೂರಿನಿಂದ ಎರಡು ಮೈಲಿ ಒಳಕ್ಕೆ. ಒಂದಿಷ್ಟು ರಾಗಿ ಹೊಲ, ಹಿಪ್ಪುನೇರಳೆ ತೋಟ. ಮನೆಯ ಅರ್ಧ ಭಾಗವೆಲ್ಲ ರೇಷ್ಮೆ ಹುಳುವಿನ ತಟ್ಟೆಗಳಿಗೇ. ಕನ್ನಡ, ತೆಲುಗು ಎರಡೂ ಆಡುತ್ತಿದ್ದೆವು. ಸಿಟ್ಟು ಬಂದರೆ, ಅಳು ಬಂದರೆ ತೆಲುಗು. ಆ ಮನೆಯಲ್ಲಿ ಅತ್ತೆಯ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಅವಳಿಗೆ ಹದಿನೇಳಾದಾಗ ಸೋದರಮಾವನಿಗೇ ಕೊಡುವುದೆಂದು ಮಾತಾಗಿತ್ತಂತೆ. ಮದುವೆಗೆ ಎಂಟು ದಿನವಿದೆ ಅನ್ನುವಾಗ ಶ್ರೀನಿವಾಸಪುರದ ನೆಂಟರಿಗೆ ಲಗ್ನಪತ್ರಿಕೆ ಕೊಡಲು ಹೊರಟವರ ಜೊತೆ ಹೋದವಳು, ಮಾವಿನ ಸುಗ್ಗಿಗೆಂದು ಅಲ್ಲಿ ಬಿಡಾರ ಹೂಡಿದ್ದ ನಾಟಕ ಕಂಪನಿಯ ಜೊತೆ ಹೊರಟುಹೋದಳು. ಯಾವ ಗಂಡಸಿನ ಹಿಂದೆಯೂ ಅಲ್ಲ. ಕಂಪನಿಯ ಯಜಮಾನತಿಯ ಹತ್ತಿರ ಹೋಗಿ, ನನಗೂ ಒಂದು ಪಾರ್ಟು ಕೊಡ್ತೀರಾ ಅಂತ ಕೇಳಿದಳು, ಅವರು ಕೊಟ್ಟರು, ಅಷ್ಟೆ. ಮದರಾಸು, ಸಿನಿಮಾ ಎಲ್ಲ ಆಮೇಲಿನದು. ತಾತ ಆಗಲೇ ಇರಲಿಲ್ಲ. ಇಪ್ಪತ್ತೆರಡು ವರ್ಷದ ಅಪ್ಪ ಅರಳಿಕಟ್ಟೆಯ ಮುಂದೆ ಇಡೀ ಊರು ನೋಡುತ್ತಿದ್ದಂತೆ ಗಂಡಿನ ಕಡೆಯವರ ಕಾಲಿಗೆ ಬಿದ್ದ. ಆ ದಿನದಿಂದ ಅವನಿಗೆ ತಂಗಿಯಿಲ್ಲ.

ಕ್ಯಾಲನೂರಿಗೆ ಟೆಂಟ್ ಸಿನಿಮಾ ಬಂದಿತ್ತು. ದೇವರ ಚಿತ್ರವೆಂದು ಅಜ್ಜಿ ನನ್ನನ್ನು ಕರೆದುಕೊಂಡು, ಊರ ಹೆಂಗಸರ ಜೊತೆ ಸಂಜೆಯ ಮೊದಲ ಆಟಕ್ಕೆ ಹೋದಳು. ಚಿತ್ರ ಶುರುವಾಗಿ ಅರ್ಧ ಗಂಟೆಯಾಗಿರಬಹುದು. ರಾಣಿಯ ಪಕ್ಕದಲ್ಲಿ ಹೂವಿನ ತಟ್ಟೆ ಹಿಡಿದು ಒಬ್ಬ ಸಖಿ ನಿಂತಿದ್ದಳು. ಅಜ್ಜಿ ಧಡಕ್ಕನೆ ಎದ್ದು ನಿಂತು, "ಅದಿ ನಾ ಬಿಡ್ಡ!" ಎಂದು ಕೂಗಿದಳು. ಅದು ನನ್ನ ಮಗು ಅಂತ. ಹಿಂದಿನವರು ಕೂತ್ಕೊಳ್ಳಮ್ಮೋ ಎಂದು ಗದರಿದರು. ಅಜ್ಜಿ ಕೂರಲಿಲ್ಲ. ಅಷ್ಟರಲ್ಲಿ ತಟ್ಟೆ ಹಿಡಿದವಳು ಬಾಯಿ ತೆರೆದು ಏನೋ ಎರಡು ಮಾತಾಡಿದಳು. ಅಜ್ಜಿ ನಿಧಾನಕ್ಕೆ ನೆಲದ ಮೇಲೆ ಕೂತಳು. "ಮುಖ ಅವಳದೇ," ಎಂದಳು ನನ್ನ ಕಿವಿಯಲ್ಲಿ, "ಗೊಂತು ಅವಳದಲ್ಲ ಪಾಪ. ಯಾರದೋ ದನಿ."

ಆಟ ಮುಗಿದ ಮೇಲೆ ಟೆಂಟಿನ ಆಪರೇಟರ್ ಹೊರಗೆ ಬಂದರು. ಕೋಲಾರದವರು, ತೆಳ್ಳಗಿನ ಸಾಬರು. ಗಲಾಟೆ ಯಾಕೆಂದು ಕೇಳಲು ಬಂದವರು ಅಜ್ಜಿಯ ಮಾತು ಕೇಳಿ ನಗಲಿಲ್ಲ. "ತಟ್ಟೆ ಹಿಡ್ಕಂಡಿದ್ ಹುಡುಗೀನಾ? ಗೊತ್ತು ಗೊತ್ತು. ಬೇರೆ ಪಿಕ್ಚರಲ್ಲೂ ಅವ್ಳೆ. ನನ್ ಕೈಮೇಲೇ ಹೋಗ್ತವಲ್ಲ ರೀಲೆಲ್ಲ," ಎಂದರು.

ಅಲ್ಲಿಂದ ಮುಂದೆ ಮೂರು ನಾಲ್ಕು ವರ್ಷ ನಡೆದದ್ದನ್ನು ನೆನೆದರೆ ನನಗೆ ಈಗಲೂ ಆಶ್ಚರ್ಯವಾಗುತ್ತದೆ. ಯಾವ ಊರಿನಲ್ಲಿ ಯಾವ ಚಿತ್ರ ಬಂದಿದೆ ಅನ್ನುವುದು ಸಾಬರಿಗೆ ತಿಳಿಯುತ್ತಿತ್ತು. ಹುತ್ತೂರಿನ ಕಡೆ ಬಂದಾಗ ಅಜ್ಜಿಗೆ ಹೇಳಿಹೋಗುತ್ತಿದ್ದರು. ಸಿನಿಮಾ ಬಂದಿದೆ ಅನ್ನುತ್ತಿರಲಿಲ್ಲ. "ಅಮ್ಮಾ, ನಿಮ್ ಬೇಟಿ ಮುಳಬಾಗಿಲ್ಗೆ ಬಂದವ್ಳೆ. ಮೂರನೇ ರೀಲಲ್ಲಿ ಒಂದ್ ಸಲ, ಒಂಬತ್ತರಲ್ಲಿ ಒಂದ್ ಸಲ. ಒಂಬತ್ತರಲ್ಲಿ ಬಾವಿಗ್ ಬೀಳ್ತಾಳೆ, ಅದಕ್ ಮುಂಚೆ ಎದ್ದು ಬಂದ್ಬಿಡಿ."

ಅಜ್ಜಿ ಮುಳಬಾಗಿಲಿನ ಆಂಜನೇಯನಿಗೆ ಹರಕೆ ಹೊತ್ತುಕೊಳ್ಳುತ್ತಿದ್ದಳು. ಮಾಲೂರಿನಲ್ಲಿ ಚಿತ್ರವಿದ್ದರೆ ಅಲ್ಲೊಬ್ಬ ನೆಂಟರಿಗೆ ಹುಷಾರಿರುತ್ತಿರಲಿಲ್ಲ. ಶ್ರೀನಿವಾಸಪುರದಲ್ಲಾದರೆ ಉಪ್ಪಿನಕಾಯಿಗೆ ಮಾವಿನ ಮಿಡಿ ತರಬೇಕಾಗುತ್ತಿತ್ತು. ನನ್ನ ಅಮ್ಮ ಒಂದು ಮಾತೂ ಕೇಳದೆ ಬುತ್ತಿ ಕಟ್ಟಿಕೊಡುತ್ತಿದ್ದಳು. ಅಪ್ಪನಿಗೆ ಗೊತ್ತಿತ್ತೋ ಇಲ್ಲವೋ ನಾನು ಹೇಳಲಾರೆ. ಇಬ್ಬರೂ ಬಸ್ಸು ಹಿಡಿದು ಮ್ಯಾಟಿನಿಗೆ ಹೋಗುತ್ತಿದ್ದೆವು. ಕತೆ ಅಜ್ಜಿಗೆ ಬೇಕಿರಲಿಲ್ಲ. ಮಗಳು ಬರುವವರೆಗೆ ಕಡಲೆಕಾಯಿ ಸುಲಿಯುತ್ತ ಕೂರುತ್ತಿದ್ದಳು. ಬಂದ ಕೂಡಲೇ ಕೈ ನಿಲ್ಲಿಸಿ, ಕುತ್ತಿಗೆ ಮುಂದಕ್ಕೆ ಚಾಚಿ, ಅವಳು ಹೋಗುವವರೆಗೂ ರೆಪ್ಪೆ ಬಡಿಯುತ್ತಿರಲಿಲ್ಲ. ಸೊರಗಿದ್ದಾಳೆ, ಮೈಕೈ ತುಂಬಿಕೊಂಡಿದ್ದಾಳೆ, ಎಣ್ಣೆ ಹಚ್ಚುವವರಿಲ್ಲದೆ ಕೂದಲು ಒರಟಾಗಿದೆ — ಅವಳ ವಿಮರ್ಶೆಯೆಲ್ಲ ಇಂಥದ್ದು. ಬಾವಿಯೋ ವಿಷವೋ ಕ್ಷಯವೋ ಹತ್ತಿರ ಬರುತ್ತಿದ್ದಂತೆ ನನ್ನ ಕೈ ಹಿಡಿದು ಎದ್ದುಬಿಡುತ್ತಿದ್ದಳು. ಹಾಗಾಗಿ ಟೆಂಟಿನ ಆ ದೇವರ ಚಿತ್ರ ಬಿಟ್ಟರೆ ನಾನು ಆ ಕಾಲದ ಒಂದು ಚಿತ್ರವನ್ನೂ ಕೊನೆಯವರೆಗೆ ನೋಡಿಲ್ಲ.

ಆಮೇಲೆ ಅಜ್ಜಿಯ ಕಣ್ಣಿಗೆ ಪೊರೆ ಬಂತು. ಮೊದಮೊದಲು ಮುಂದಿನ ಬೆಂಚಿನಲ್ಲಿ ಕೂತೆವು. ಆಮೇಲೆ ನಾನು ಹೇಳುವುದು, ಅವಳು ಕೇಳುವುದು.

"ಬಂದ್ಲಾ?"

"ಬಂದ್ಲು."

"ಯಾವ್ ಸೀರೆ?"

"ಗೆರೆಗೆರೆದು. ಕೈತುಂಬ ಬಳೆ."

ಮುಳಬಾಗಿಲಿನ ಟಾಕೀಸಿನಲ್ಲಿ ಒಂದು ಮಧ್ಯಾಹ್ನ ಅತ್ತೆ ಪರದೆಯ ಮೇಲೆ ನಾಯಕಿಯನ್ನು ಸಮಾಧಾನ ಮಾಡುತ್ತಿದ್ದಳು, ಉದ್ದನೆಯ ಮಾತು. ಅಜ್ಜಿ ತಲೆ ತಗ್ಗಿಸಿ ಸ್ವಲ್ಪ ಹೊತ್ತು ಕೇಳಿದಳು. "ಮುಖ ಕಾಣಲ್ಲ. ದನಿ ಅವಳದಲ್ಲ. ಇನ್ನ್ ಯಾರನ್ನ ನೋಡೋಕ್ ಬರಬೇಕು ನಾನು? ಸಾಕು ನಡಿ ಪಾಪ," ಎಂದಳು. ಅತ್ತೆ ಸಾಯುವ ರೀಲಿಗೆ ಇನ್ನೂ ಬಹಳ ಹೊತ್ತಿತ್ತು.

ಆ ವಾರವೇ ನಾನು ಅತ್ತೆಗೆ ಕಾಗದ ಬರೆದೆ. ನನಗೆ ಹದಿಮೂರು. ಸಾಬರು ಯಾರು ಯಾರನ್ನೋ ಕೇಳಿ ಮದರಾಸಿನ ಒಂದು ವಿಳಾಸ ತಂದುಕೊಟ್ಟರು. ನಾನು ನಿಮ್ಮ ಅಣ್ಣನ ಮಗಳು, ಅಜ್ಜಿಗೆ ಕಣ್ಣು ಕಾಣುತ್ತಿಲ್ಲ, ನಿಮ್ಮನ್ನು ಇನ್ನು ಸಿನಿಮಾದಲ್ಲಿ ನೋಡಲು ಆಗುವುದಿಲ್ಲ, ನೀವೇ ಬನ್ನಿ ಎಂದು ಬರೆದಿದ್ದೆ. ಹದಿನೈದು ದಿನವಾದರೂ ಉತ್ತರವಿಲ್ಲ. ಕಲ್ಲು ಮನಸ್ಸಿನವಳು ಅಂದುಕೊಂಡೆ. ನಿಜವೆಂದರೆ ಅತ್ತೆಗೆ ಓದಲು ಬರುತ್ತಿರಲಿಲ್ಲ. ಎರಡನೇ ಕ್ಲಾಸಿಗೇ ಸ್ಕೂಲು ಬಿಡಿಸಿದ್ದರು. ಸೆಟ್ಟಿನಲ್ಲಿ ಯಾರಾದರೂ ಓದಿ ಹೇಳಿದ್ದನ್ನು ಕೇಳಿಯೇ ಮಾತು ಕಲಿಯುತ್ತಿದ್ದವಳು ಅವಳು. ಓಣಿಯಲ್ಲೆಲ್ಲ ತಮಿಳರು. ಕಾಗದವನ್ನು ರವಿಕೆಯಲ್ಲಿಟ್ಟುಕೊಂಡು ಸ್ಟುಡಿಯೋಗೆ ಓಡಾಡಿ, ಕೊನೆಗೆ ಬಂಗಾರಪೇಟೆ ಕಡೆಯ ಲೈಟ್ ಕೆಲಸದವನೊಬ್ಬ ಸಿಕ್ಕಿ ಓದಿ ಹೇಳಿದಾಗ, ಮಾರನೆಯ ದಿನದ ಶೂಟಿಂಗ್ ಬಿಟ್ಟು ಹೊರಟುಬಂದಳು.

ಅವತ್ತು ಮಧ್ಯಾಹ್ನ ಅಜ್ಜಿ ಜಗಲಿಯ ಮೇಲೆ ಕೂತು ನೆನೆಸಿದ ಅವರೆಕಾಳು ಹಿದುಕುತ್ತಿದ್ದಳು. ನಾನು ಪಕ್ಕದಲ್ಲಿದ್ದೆ. ಸಾದಾ ನೂಲಿನ ಸೀರೆಯುಟ್ಟ ಎತ್ತರದ ಹೆಂಗಸೊಬ್ಬಳು ಬಟ್ಟೆಯ ಚೀಲ ಹಿಡಿದು ಬಂದಳು. ಬೆವರಿಗೆ ಪೆನ್ಸಿಲಿನ ಗೆರೆ ಅಳಿಸಿಹೋಗಿ ಮುಖದಲ್ಲಿ ಹುಬ್ಬೇ ಇರಲಿಲ್ಲ. ಪರದೆಯ ಮೇಲೆ ಅಷ್ಟು ಸಲ ನೋಡಿದ್ದ ನನಗೇ ಗುರುತು ಸಿಗಲಿಲ್ಲ. ಅವಳು ಚೀಲ ಕೆಳಗಿಟ್ಟು, ಅಜ್ಜಿಯ ಎದುರು ಕೂತು, ಬೋಗುಣಿಗೆ ಕೈ ಹಾಕಿ ತಾನೂ ನಾಲ್ಕು ಕಾಳು ಹಿದುಕಿದಳು. ಆಮೇಲೆ ಹೇಳಿದಳು:

"ಅಮ್ಮಾ, ಕಾಳು ಸರಿಯಾಗ್ ನೆಂದಿಲ್ಲ."

ಅಜ್ಜಿಯ ಕೈ ನಿಂತಿತು.

"ಇನ್ನೊಂದ್ ಸಲ ಹೇಳು," ಎಂದಳು.

"ಕಾಳು ನೆಂದಿಲ್ಲಮ್ಮ..." ಅಜ್ಜಿ ಅವರೆ ಸೊಗಡಿನ ಕೈಯಲ್ಲೇ ಅವಳ ಮುಖ, ತಲೆ, ಭುಜ ಎಲ್ಲ ತಡವಿದಳು. ಇಬ್ಬರೂ ಅತ್ತದ್ದು ತೆಲುಗಿನಲ್ಲಿ.

ಸೊಪ್ಪಿನ ಹೊರೆ ಹೊತ್ತು ತೋಟದಿಂದ ಬಂದ ಅಪ್ಪ ಬಾಗಿಲಲ್ಲೇ ನಿಂತ. ಅವಳನ್ನು ಒಂದು ಸಲ ನೋಡಿ, ಆಮೇಲೆ ನನ್ನನ್ನು ನೋಡಿದ. "ಯಾರಂತೆ ಅವರು? ನಾಲ್ಕು ಗಂಟೆಗೆ ಕೋಲಾರದ ಬಸ್ಸಿದೆ ಅಂತ ಹೇಳು," ಎಂದ. ಅತ್ತೆ ಸುಮ್ಮನೆ ಎದ್ದು ಚೀಲ ಎತ್ತಿಕೊಂಡಳು. ಅಜ್ಜಿಯೂ ಗೋಡೆ ಹಿಡಿದು ಎದ್ದಳು.

"ನೀನೆಲ್ಲಿಗೆ?" ಎಂದ ಅಪ್ಪ.

"ಅವಳ್ ಜೊತೆ."

"ಕಣ್ ಕಾಣಲ್ಲ ನಿಂಗೆ."

"ಕಾಣೋವಾಗ ನೀನ್ ಏನ್ ತೋರಿಸ್ದೆ?"

ಅಪ್ಪ ಹೊರೆ ಇಳಿಸದೆ ಹಾಗೇ ನಿಂತಿದ್ದ. ಅವರಿಬ್ಬರೂ ನಾಲ್ಕು ಗಂಟೆಯ ಬಸ್ಸಿಗೆ ಹೋದರು.

ಕೋಲಾರದಲ್ಲಿ ಒಂಟಿ ಹೆಂಗಸಿಗೆ, ಅದರಲ್ಲೂ ಸಿನಿಮಾದವಳಿಗೆ, ಮನೆ ಸಿಗುವುದು ಸುಲಭವಿರಲಿಲ್ಲ. ಟೆಂಟಿನ ಸಾಬರೇ ತಮ್ಮ ಅಕ್ಕನ ಮನೆಯ ಹಿಂಭಾಗದ ಎರಡು ಕೋಣೆ ಕೊಡಿಸಿದರು. ಅತ್ತೆ ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ದು ಪೊರೆ ತೆಗೆಸಿದಳು. ಒಂದು ಕಣ್ಣಿಗೆ ಬೆಳಕು ಬಂತು. ಪಟ್ಟಿ ಬಿಚ್ಚಿದ ಮೇಲೆ ಅಜ್ಜಿ ಮಗಳ ಮುಖ ದಿಟ್ಟಿಸಿ ಕೇಳಿದ ಮೊದಲ ಮಾತು, "ಹುಬ್ಬೆಲ್ಲಿ ಹೋದ್ವೇ?" ಎಂದು.

ಮದರಾಸಿನಲ್ಲಿ ಅತ್ತೆಗೆ ಒಬ್ಬ ಗಂಡನಂಥವನು ಇದ್ದ. ಅವನಿಗೆ ಬೇರೆ ಸಂಸಾರವಿತ್ತು. ಅವನು ಅದೇ ವರ್ಷ ಪೂರ್ತಿ ಆ ಕಡೆಗೇ ಹೋಗಿಬಿಟ್ಟಿದ್ದ. ಅತ್ತೆ ಈ ವಿಷಯವನ್ನು ನನಗೆ ಒಂದೇ ಒಂದು ಸಲ ಹೇಳಿದ್ದು, ಅದೂ ಅಕ್ಕಿ ಆರಿಸುತ್ತ, ಇಷ್ಟೇ ಮಾತಿನಲ್ಲಿ. ಕೋಲಾರಕ್ಕೆ ಬಂದ ಮೇಲೆ ಕರೆ ಬಂದಾಗ ಮಾತ್ರ ಮದರಾಸಿಗೋ ಬೆಂಗಳೂರಿಗೋ ಹೋಗಿ, ನಾಲ್ಕು ದಿನ ಕೆಮ್ಮುವ ತಾಯಿಯಾಗಿ, ವಾಪಸ್ ಬರುತ್ತಿದ್ದಳು.

ನನ್ನ ಎಸ್ಸೆಸ್ಸೆಲ್ಸಿ ಮುಗಿಯಿತು. ಪಾಸಾದೆ. ಅಪ್ಪ ನನ್ನನ್ನು ಅಮ್ಮನ ತಮ್ಮನಿಗೆ ಕೊಡುವುದೆಂದು ಮಾತು ಮುಗಿಸಿದ. ಮಾವ ಕೆಟ್ಟವನೇನಲ್ಲ, ಆದರೆ ನನ್ನನ್ನು ಎತ್ತಿ ಆಡಿಸಿದ ಅದೇ ಮಾವ. ನನಗೆ ಓದಬೇಕೆಂದಿತ್ತು. ಅದನ್ನು ಯಾರಿಗೆ ಹೇಳುವುದು? ಮತ್ತೆ ಒಂದು ಕಾಗದ ಬರೆದೆ. ಈ ಸಲ ಅಜ್ಜಿ, ಅತ್ತೆ ಇಬ್ಬರೂ ಬಂದರು.

ಆ ದಿನದ ಮಾತುಕತೆ ವಿಚಿತ್ರವಾಗಿತ್ತು. ಅಪ್ಪ ತಂಗಿಯ ಜೊತೆ ನೇರವಾಗಿ ಮಾತಾಡಲಿಲ್ಲ. ಹೇಳುವುದನ್ನೆಲ್ಲ ಅಜ್ಜಿಗೆ ಹೇಳಿದ.

"ಅವಳಿಗ್ ಹೇಳಮ್ಮ, ಇದು ನಮ್ಮನೆ ವಿಷ್ಯ."

"ಅಣ್ಣಾ, ಹುಡುಗಿ ಓದ್ತೀನಿ ಅಂತವ್ಳೆ. ಕೋಲಾರದಲ್ಲಿ ಕಾಲೇಜಿದೆ. ನಮ್ ಮನೇಲಿ ಇರ್ಲಿ," ಎಂದಳು ಅತ್ತೆ.

"ಕೇಳಮ್ಮ ಅವಳನ್ನ. ನನ್ ಮಗಳೂ ಅವಳ್ ತರಾನೇ ಆಗ್ಲಿ ಅಂತ್ಲಾ?"

"ನನ್ ತರ ಆಗ್ಬಾರ್ದು ಅಂತಾನೇ ಹೇಳ್ತಿರೋದು. ನಂಗೆ ಕಾಗದ ಬಂದ್ರೆ ಓದೋರನ್ನ ಹುಡುಕ್ಕೊಂಡು ಹೋಗ್ಬೇಕು."

ಅಪ್ಪ ಮತ್ತೆ ಅಜ್ಜಿಯ ಕಡೆಗೇ ತಿರುಗಿದ. "ಹಂಗಾದ್ರೆ ಆ ಬಣ್ಣ ಹಚ್ಚೋದನ್ನ ಬಿಡ್ಲಿ. ಸಿನಿಮಾದೋಳ್ ಮನೇಲಿ ಬೆಳೆದ ಹುಡುಗೀನ ಯಾರ್ ತಗೋತಾರೆ?"

ಅತ್ತೆ ನಮ್ಮ ಮನೆಯಲ್ಲಿ ನಿಂತೇ ಮಾತಾಡುತ್ತಿದ್ದಳು. ಇಸ್ತ್ರಿ ಮುರಿಯದಂತೆ ಗೋಡೆಗೊರಗಿ ನಿಲ್ಲುವುದು ಸೆಟ್ಟಿನಲ್ಲಿ ಬಂದ ಅಭ್ಯಾಸ; ಗೊತ್ತಿಲ್ಲದವರು ಅದನ್ನು ಜಂಬ ಅಂದುಕೊಳ್ಳುತ್ತಿದ್ದರು. ಅವಳು ದನಿ ಏರಿಸದೆ ಹೇಳಿದಳು: "ಅದೊಂದು ಆಗಲ್ಲ ಅಣ್ಣ. ನೀನ್ ಹುಳ ಸಾಕೋದು ಬಿಡ್ತೀಯ? ನಂಗೆ ಬರೋದ್ ಅದೊಂದೇ ಕೆಲಸ. ಇಪ್ಪತ್ ವರ್ಷ ಅದರಲ್ಲೇ ಊಟ ಮಾಡಿದೀನಿ. ನಾನ್ ಯಾರ ಮನೆನೂ ಹಾಳ್ ಮಾಡಿಲ್ಲ. ನಿನ್ ಮನಸ್ ಮಾತ್ರ ನೋಯಿಸ್ದೆ, ಅದು ನಂಗೊತ್ತು."

ಒಳಗೆ ಹುಳುಗಳು ಸೊಪ್ಪು ಮೇಯುವ ಸದ್ದು ಮಳೆಹನಿಯ ಹಾಗೆ ಕೇಳುತ್ತಿತ್ತು. ಕೊನೆಗೆ ಅಜ್ಜಿ ಅಂದಳು: "ಒಂದ್ ಸಲ ಮದುವೆ ಮದುವೆ ಅಂತ ಮಗಳನ್ನ ಕಳ್ಕೊಂಡೆ ಕಣೋ. ಎಷ್ಟೋ ವರ್ಷ ಮುಖಾನೇ ಕಾಣ್ದೆ, ಆಮೇಲೆ ಅವಳನ್ನ ಪರದೆ ಮೇಲೆ ನೋಡ್ದೆ. ನೀನು ನಿನ್ ಮಗಳನ್ನ ಎಲ್ಲಿ ನೋಡ್ತೀಯ?"

ಅಪ್ಪ ಎದ್ದು ತೋಟಕ್ಕೆ ಹೋದ. ಆಯಿತು ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಮಾರನೆಯ ಬೆಳಗ್ಗೆ ನಾವು ಬಸ್ಸಿಗೆ ಹೊರಟಾಗ, ಒಂದು ಮೂಟೆ ರಾಗಿಯನ್ನು ತಾನೇ ಹೆಗಲ ಮೇಲೆ ಹೊತ್ತು ತಂದು ಬಸ್ಸಿನ ಮೇಲಕ್ಕೆ ಹಾಕಿಸಿದ. ಹುಡುಗಿ ಅಲ್ಲಿದ್ದಷ್ಟು ದಿನ ಊಟಕ್ಕೆ ನಮ್ಮದೇ ರಾಗಿ ಅನ್ನುವುದು ಅವನ ಒಪ್ಪಿಗೆ.

ಅತ್ತೆಯ ಜೊತೆ ನಾನು ಆರು ವರ್ಷ ಇದ್ದೆ. ಜನ ಏನೇನೋ ಊಹಿಸಿಕೊಳ್ಳುತ್ತಿದ್ದರು. ಆ ಮನೆಯಲ್ಲಿ ಊಹಿಸುವಂಥದ್ದೇನೂ ಇರಲಿಲ್ಲ. ಅತ್ತೆ ಬೆಳಗ್ಗೆ ಐದಕ್ಕೆ ಏಳುತ್ತಿದ್ದಳು, ಏಳಕ್ಕೆ ಸ್ಟುಡಿಯೋ ವ್ಯಾನು ಬರುತ್ತದೆ ಅನ್ನುವ ಹಾಗೆ. ಎಲ್ಲಿ ಬೇಕಾದರೂ ಕೂತಲ್ಲೇ ಹತ್ತು ನಿಮಿಷ ನಿದ್ದೆ ತೆಗೆದು, ಯಾರೂ ಎಬ್ಬಿಸದೆ ಎದ್ದುಬಿಡುತ್ತಿದ್ದಳು. ಊಟದ ತುತ್ತು ಬಹಳ ಸಣ್ಣದು, ತುಟಿಯ ಬಣ್ಣ ಕೆಡದ ಹಾಗೆ ತಿಂದು ಅಭ್ಯಾಸ. ಬೀದಿಯ ಹೆಂಗಸರು ಮೊದಲು ದೂರದಿಂದ ನೋಡಿದರು, ಆಮೇಲೆ ಮದುವೆ ಮುಂಜಿಗಳಿಗೆ ಹೆಣ್ಣಿಗೆ ಜಡೆ ಹಾಕಲು ಕರೆದರು, ಆಮೇಲೆ ಅತ್ತೆ ಇಲ್ಲದೆ ಆ ಬೀದಿಯಲ್ಲಿ ಮದುವೆಯೇ ಇಲ್ಲವಾಯಿತು. ನಾನು ಕಾಲೇಜಿನಲ್ಲಿ ಎದ್ದು ನಿಂತು ಉತ್ತರ ಹೇಳಲು ಹೆದರುತ್ತಿದ್ದೆ. ಅತ್ತೆ ಹೇಳಿದಳು: "ಸೆಟ್ಟಲ್ಲಿ ನೆಲದ ಮೇಲೆ ಚಾಕ್‌ಪೀಸಲ್ಲಿ ಒಂದ್ ಗುರುತು ಹಾಕಿರ್ತಾರೆ ಪಾಪ. ಅದರ್ ಮೇಲ್ ಹೋಗಿ ನಿಂತ್ಕೊ. ಬೆಳಕನ್ನ ಹುಡುಕ್ಕೊಂಡು ನೀನ್ ಓಡ್ಬೇಡ. ಅದನ್ನ ಆ ಗುರುತಿಗೇ ಇಟ್ಟಿರ್ತಾರೆ."

ನಾನು ಅವಳಿಗೆ ಓದು ಕಲಿಸಿದೆ. ಸ್ಲೇಟು ತಂದು ಶುರುಮಾಡಿದೆ, ಅದು ಅವಳಿಗೆ ನಾಚಿಕೆ. ಸರಿ, ಸಂಜೆ ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿ ಬೋರ್ಡು ಓದಿಸಿದೆ. 'ಮಾಲೂರು' ಒಂದೇ ದಿನಕ್ಕೆ ಬಂತು. 'ಮುಳಬಾಗಿಲು' ಮೂರು ದಿನ ತೆಗೆದುಕೊಂಡಿತು. 'ಶ್ರೀನಿವಾಸಪುರ'ದ ಮೊದಲ ಅಕ್ಷರವೇ ಕೈಗೆ ಸಿಗದೆ ಒಂದು ವಾರ ಸತಾಯಿಸಿತು. "ಆ ಊರು ಮೊದಲಿಂದ್ಲೂ ನಂಗೆ ಹಂಗೇ," ಎಂದು ಬೈದುಕೊಂಡಳು. ಅದು ಬಂದ ದಿನ ಬಸ್ಸಿನ ಮುಂದೆ ನಿಂತು ಗಟ್ಟಿಯಾಗಿ ಓದಿದಳು. ಕಂಡಕ್ಟರು ಪ್ರಯಾಣಿಕಳೆಂದು ತಿಳಿದು ಹತ್ತಿಸಿಕೊಳ್ಳಲು ಬಂದ.

ಅಜ್ಜಿ ಆ ಮನೆಯಲ್ಲೇ ತೀರಿಕೊಂಡಳು, ಜ್ವರ ಬಂದ ನಾಲ್ಕನೇ ದಿನ, ಅತ್ತೆಯ ತೊಡೆಯ ಮೇಲೆ. ಅಪ್ಪ ಬಂದ, ಊರಿಗೆ ಒಯ್ದು ಮಣ್ಣು ಮಾಡಿದ. ಆಗಲೂ ತಂಗಿಯ ಜೊತೆ ಮಾತಿಲ್ಲ.

ಇಷ್ಟು ವರ್ಷದಲ್ಲಿ ಒಂದು ಚಿತ್ರದಲ್ಲೂ ಅತ್ತೆಯ ಸ್ವಂತ ದನಿ ಇರಲಿಲ್ಲ. ಅವಳು ಬಾಯಿ ಆಡಿಸಿದ ಮೇಲೆ ಬೇರೆ ಯಾರೋ ಬಂದು ಮಾತು ತುಂಬುತ್ತಿದ್ದರು. "ಕನ್ನಡದೋರು ನಿನ್ ಕನ್ನಡ ತೆಲುಗಿದ್ದಂಗಿದೆ ಅಂದ್ರು. ತೆಲುಗಿನೋರು ನಿನ್ ತೆಲುಗು ಕನ್ನಡ ಇದ್ದಂಗಿದೆ ಅಂದ್ರು. ಕೋಲಾರದೋಳು ಇನ್ನೆಲ್ಲಿಗ್ ಹೋಗ್ಬೇಕು?" ಎನ್ನುತ್ತಿದ್ದಳು. ಅದರಲ್ಲಿ ದೂರು ಇದ್ದಂತೆ ನನಗೆ ಕೇಳಿಸುತ್ತಿರಲಿಲ್ಲ.

ನಾನು ಬಿ.ಎಡ್. ಓದುತ್ತಿದ್ದಾಗ ಬೆಂಗಳೂರಿನಿಂದ ಒಬ್ಬ ಯುವ ನಿರ್ದೇಶಕ ಮನೆ ಹುಡುಕಿಕೊಂಡು ಬಂದ. ಯಾವುದೋ ಶೂಟಿಂಗಿನಲ್ಲಿ ಅತ್ತೆ ಕ್ಯಾಂಟೀನಿನವನಿಗೆ ಬೈದದ್ದನ್ನು ಕೇಳಿದ್ದನಂತೆ. "ಅಮ್ಮಾ, ನನ್ನ ಚಿತ್ರದಲ್ಲಿ ನೀವು ಹಾಗೇ ಮಾತಾಡಬೇಕು. ಬೇರೆಯವರ ದನಿ ಹಾಕಿಸೋದಿಲ್ಲ," ಎಂದ. ಸಂತೆಯಲ್ಲಿ ಟೊಮೇಟೊ ಮಾರುವ ಹೆಂಗಸಿನ ಪಾತ್ರ. ಅವಳು ಕೂರುವ ಜಾಗದಿಂದ ಅವಳನ್ನು ಎಬ್ಬಿಸಲು ಬರುತ್ತಾರೆ, ಅವಳು ಏಳುವುದಿಲ್ಲ. ಒಟ್ಟು ನಾಲ್ಕು ದೃಶ್ಯ.

ನಿರ್ದೇಶಕ ಹೋದ ಮೇಲೆ ಅತ್ತೆ ಹೆದರಿ ಕೂತಳು. ಅವಳು ಹೆದರಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. "ಜನ ನಕ್ಬಿಟ್ರೆ ಪಾಪ? ಮುಖಕ್ಕಾದ್ರೆ ಬಣ್ಣ ಹಚ್ಬೋದು. ದನಿಗೇನ್ ಹಚ್ಲಿ?"

"ನೀವು ದಿನಾ ಮಾತಾಡಲ್ವಾ ಅತ್ತೆ?"

"ಮನೇಲಿ ಬೇರೆ. ಅಲ್ಲಿ ನಾನ್ ಇಷ್ಟ್ ವರ್ಷ ಮಾತಾಡ್ದೋಳಲ್ಲ, ಬಾಯಾಡಿಸ್ದೋಳು."

ಆದರೂ ಒಪ್ಪಿಕೊಂಡಳು. ಟೈಪ್ ಮಾಡಿದ ನಾಲ್ಕು ಹಾಳೆ ಕಳಿಸಿದ್ದರು. ನಾನು ಓದಿ ಹೇಳಲು ಹೋದರೆ ಬೇಡವೆಂದು, ಬೆರಳಿಟ್ಟುಕೊಂಡು ಅಕ್ಷರ ಕೂಡಿಸಿ ಕೂಡಿಸಿ ತಾನೇ ಓದಿದಳು. ಒಂದು ಕಡೆ ನಿಂತು, "ಟೊಮೇಟೊ ಮಾರೋಳು ಹಿಂಗ್ ಮಾತಾಡಲ್ಲ. ಇದು ಮೇಷ್ಟ್ರ ಮಾತು," ಎಂದು ಪೆನ್ಸಿಲಿನಲ್ಲಿ ಗೀಟು ಹಾಕಿದಳು. ನಿರ್ದೇಶಕ ಅವಳು ಹೇಳಿದಂತೆಯೇ ತಿದ್ದಿಕೊಂಡನಂತೆ.

ಆ ಚಿತ್ರ ಕೋಲಾರದಲ್ಲಿ ಒಂದೇ ವಾರ ಓಡಿತು. ಟೆಂಟುಗಳು ಮುಚ್ಚುತ್ತ ಬಂದಿದ್ದರಿಂದ ಸಾಬರು ಆ ಹೊತ್ತಿಗೆ ಊರಿನ ಟಾಕೀಸಿನಲ್ಲೇ ಆಪರೇಟರ್ ಆಗಿದ್ದರು. ಭಾನುವಾರದ ಮ್ಯಾಟಿನಿಗೆ ನಾವಿಬ್ಬರೂ ಹೋದೆವು. ಅತ್ತೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಕೂತಿದ್ದಳು. ಪರದೆಯ ಮೇಲೆ ಅವಳು ಬುಟ್ಟಿ ಇಳಿಸಿ, ಎಬ್ಬಿಸಲು ಬಂದವನಿಗೆ, "ಏಮಯ್ಯಾ, ನಿಮ್ಮಪ್ಪ ಹುಟ್ಟೋಕ್ ಮುಂಚೆ ನಮ್ಮಮ್ಮ ಇಲ್ಲಿ ಕೂತಿದ್ಲು, ತಿಳೀತಾ?" ಎಂದಾಗ ಟಾಕೀಸಿಗೆ ಟಾಕೀಸೇ ನಕ್ಕಿತು. ಅತ್ತೆ ನನ್ನ ಕೈ ಗಟ್ಟಿಯಾಗಿ ಹಿಡಿದಳು. ಅದು ಗೇಲಿಯ ನಗುವಲ್ಲ; ಹಿಂದಿನಿಂದ ಯಾರೋ "ನಮ್ ಕಡೆಯೋಳು ಕಣೋ!" ಎಂದು ಕೂಗಿ ಶಿಳ್ಳೆ ಹಾಕಿದರು. ಆಮೇಲಿನ ದೃಶ್ಯದಲ್ಲಿ ಅವಳು ಖಾಲಿ ಜಾಗದಲ್ಲಿ ಒಬ್ಬಳೇ ಕೂತು ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತಾಳೆ. ಆಗ ಯಾರೂ ಕೆಮ್ಮಲೂ ಇಲ್ಲ.

ಆಟ ಬಿಟ್ಟು ಹೊರಗೆ ಬಂದರೆ ಗೇಟಿನ ಹತ್ತಿರ ಅಪ್ಪ ನಿಂತಿದ್ದ. ಒಗೆದ ಬಿಳಿ ಅಂಗಿ, ಕೈಯಲ್ಲಿ ಕೊಡೆ. ಒಬ್ಬನೇ ಬಸ್ಸಿನಲ್ಲಿ ಬಂದು, ಪರದೆಯ ಮುಂದಿನ ಗಾಂಧಿ ಕ್ಲಾಸಿನಲ್ಲಿ ಕೂತು ಪೂರ್ತಿ ನೋಡಿದ್ದ. ಅವನು ಬರುತ್ತಾನೆಂದು ನನಗೂ ತಿಳಿಸಿರಲಿಲ್ಲ. ಕಣ್ಣು ಕೆಂಪಾಗಿತ್ತು. ನನ್ನನ್ನು ನೋಡಿ, "ಥೇಟ್ ಅಮ್ಮನ್ ದನಿ," ಎಂದ. ಅಜ್ಜಿ ಹೋಗಿ ಆಗಲೇ ಒಂದೂವರೆ ವರ್ಷವಾಗಿತ್ತು. ಆಮೇಲೆ ತಂಗಿಯ ಕಡೆ ತಿರುಗಿದ. "ಬಿಸಿಲಲ್ ಯಾಕ್ ನಿಂತಿದೀಯ, ಮನೆಗ್ ನಡಿ," ಎಂದ.

ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲದ ಮೇಲೆ ಅವಳಿಗೆ ಆಡಿದ ಮೊದಲ ಮಾತು ಅದು. ಅತ್ತೆ, "ಊಂ ಅಣ್ಣ," ಎಂದಳು. ಮೂವರೂ ನಡೆದುಕೊಂಡೇ ಮನೆಗೆ ಹೋದೆವು. ದಾರಿಯಲ್ಲಿ ಅಪ್ಪ ಟೊಮೇಟೊ ಬೆಳೆಯ ಬಗ್ಗೆ ಮಾತಾಡಿದ.

ಅದಾದ ಮೇಲೆ ಅತ್ತೆಗೆ ಒಳ್ಳೆಯ ಪಾತ್ರಗಳು ಸಾಲಾಗಿ ಬಂದವು ಎಂದು ಬರೆಯಲು ನನಗೂ ಆಸೆ. ಬರಲಿಲ್ಲ. ಆ ನಿರ್ದೇಶಕ ಮತ್ತೆ ಚಿತ್ರ ಮಾಡಲಿಲ್ಲ. ಅತ್ತೆ ಇನ್ನೂ ಕೆಲವು ಸಲ ಬೇರೆಯವರ ದನಿಯಲ್ಲಿ ಕೆಮ್ಮಿ, ಆಮೇಲೆ ತಾನೇ ನಿಲ್ಲಿಸಿದಳು. ನನಗೆ ಶಿವಾರಪಟ್ಟಣದ ಹತ್ತಿರ ಸ್ಕೂಲಿನಲ್ಲಿ ಕೆಲಸ ಸಿಕ್ಕಿತು. ಅತ್ತೆ ನೋಡಲು ಬರುತ್ತಿದ್ದಳು. ಆ ಊರಿನಲ್ಲಿ ಕಲ್ಲಿನಲ್ಲಿ ದೇವರ ಮುಖ ಕೆತ್ತುವವರ ಮುಂದೆ ಗಂಟೆಗಟ್ಟಲೆ ನಿಂತು, ಯಾವ ವಿಗ್ರಹಕ್ಕೆ ಯಾವ ಕಡೆಯ ಬೆಳಕು ಒಪ್ಪುತ್ತದೆ ಎಂದು ಅವರಿಗೇ ಹೇಳುತ್ತಿದ್ದಳು. ನಾನು ಇಷ್ಟಪಟ್ಟವರನ್ನು ಮದುವೆಯಾದಾಗ ಅಪ್ಪನಿಗೆ ಹೇಳಿ ಒಪ್ಪಿಸಿದವಳೂ ಅವಳೇ. ಆ ಸಲ ಅಪ್ಪ ಅವಳ ಜೊತೆ ನೇರವಾಗಿಯೇ ಜಗಳವಾಡಿದ.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಅತ್ತೆಯ ಹೃದಯ ದುರ್ಬಲವಾಗಿದೆ ಅಂದರು ಡಾಕ್ಟರು. ಐವತ್ತು ದಾಟಿರಲಿಲ್ಲ. ಒಂದು ಮಧ್ಯಾಹ್ನ ಊಟ ಮುಗಿಸಿ, ಗೋಡೆಗೊರಗಿ ಕೂತಲ್ಲೇ ಕಣ್ಣು ಮುಚ್ಚಿದವಳು ಏಳಲಿಲ್ಲ. ಸಾಬರ ಅಕ್ಕ ನಿದ್ದೆ ಅಂದುಕೊಂಡು ಒಂದು ಗಂಟೆ ಎಬ್ಬಿಸಿರಲಿಲ್ಲ. ನಾನು ಹೋಗುವಷ್ಟರಲ್ಲಿ ಬೀದಿಯ ಹೆಂಗಸರು ಮೀಯಿಸಿ, ಸೀರೆ ಉಡಿಸಿ, ಜಡೆ ಹೆಣೆದು ಮುಗಿಸಿದ್ದರು. ಅವಳನ್ನು ನಮ್ಮ ತೋಟದಲ್ಲಿ, ಅಜ್ಜಿಯ ಪಕ್ಕದಲ್ಲೇ ಮಣ್ಣು ಮಾಡಿದೆವು. ಜಾಗ ತೋರಿಸಿದವನು ಅಪ್ಪ.

ನಾನು ಇವತ್ತು ಓದಿದವಳು, ಸಂಬಳ ತಂದವಳು, ಬೇಕಾದವರನ್ನು ಮದುವೆಯಾದವಳು ಆಗಿದ್ದರೆ ಅದಕ್ಕೆ ಆ ದಿನ ನಮ್ಮ ಮನೆಯ ಗೋಡೆಗೊರಗಿ ನಿಂತು, ದನಿ ಏರಿಸದೆ, ಒಂದು ಹೆಜ್ಜೆಯೂ ಹಿಂದೆ ಸರಿಯದೆ ಮಾತಾಡಿದ ಅತ್ತೆ ಕಾರಣ. ಇದನ್ನು ಅವಳಿಗೆ ನೇರವಾಗಿ ಯಾವತ್ತೂ ಹೇಳಲಿಲ್ಲ. ನಮ್ಮ ಕಡೆ ಹಾಗೆಲ್ಲ ಹೇಳುವ ರೂಢಿಯಿಲ್ಲ.

ಹನ್ನೊಂದು ದಿನದ ಕೆಲಸ ಮುಗಿದ ಮೇಲೆ ಸಾವು ನೋಂದಾಯಿಸಲು ನಾನು, ಅಪ್ಪ ಕೋಲಾರದ ಕಚೇರಿಗೆ ಹೋದೆವು. ಗುಮಾಸ್ತ ಹೆಸರು, ತಂದೆಯ ಹೆಸರು, ವಯಸ್ಸು ಎಲ್ಲ ಬರೆದುಕೊಂಡ. "ಉದ್ಯೋಗ? ಮನೆಗೆಲಸ ಅಂತ ಹಾಕ್ಲಾ?" ಎಂದು ಕೇಳಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಹೇಳಿದ:

"ಬೇಡ ಸ್ವಾಮಿ. ಸಿನಿಮಾ ನಟಿ ಅಂತ ಬರೀರಿ."

ಗುಮಾಸ್ತ ತಲೆಯೆತ್ತಿ ಅಪ್ಪನ ಪಂಚೆ, ಹೆಗಲ ಮೇಲಿನ ಟವೆಲು ನೋಡಿದ. "ಹೌದಾ? ಯಾವ್ ಯಾವ್ ಸಿನಿಮಾ?"

"ಬಹಳ ಅವೆ ಸ್ವಾಮಿ. ನಾನ್ ನೋಡಿದ್ದು ಒಂದೇ."

ಗುಮಾಸ್ತ ಬರೆದು ಕಾಗದ ತಿರುಗಿಸಿ ಮುಂದಿಟ್ಟ. ಅಪ್ಪ ಕನ್ನಡಕ ಹಾಕಿಕೊಂಡು, ಬಗ್ಗಿ, ಆ ಸಾಲನ್ನು ಎರಡು ಸಲ ಓದಿದ. ಆಮೇಲೆ ಸಂಬಂಧ ಎಂದಿರುವ ಕಡೆ ಅಣ್ಣ ಎಂದು ಬರೆದು ರುಜು ಹಾಕಿದ.